ವಿಚಾರಣೆ ಶುರುವಾಗುವುದು ನೋಟಿಸಿನಲ್ಲಿ

ವಿಶ್ವವಿದ್ಯಾಲಯದ ಶಿಸ್ತು ವಿಚಾರಣೆ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಉದ್ದದ ಮೇಜು, ಆ ಕಡೆ ನಾಲ್ಕೈದು ಪ್ರೊಫೆಸರುಗಳು, ಈ ಕಡೆ ಒಬ್ಬ ವಿದ್ಯಾರ್ಥಿ. ಆದರೆ ನ್ಯಾಯ ಸಿಗುತ್ತದೋ ಇಲ್ಲವೋ ಅನ್ನುವುದು ಆ ಕೋಣೆಗಿಂತ ಮೊದಲೇ, ನೋಟಿಸಿನಲ್ಲೇ ಬಹುಪಾಲು ತೀರ್ಮಾನವಾಗಿರುತ್ತದೆ. ಇವತ್ತು ನಾನು ಹೇಳಬೇಕಾದದ್ದು ಇದನ್ನೇ.

1960ರಲ್ಲಿ ಅಮೆರಿಕದ ಮಾಂಟ್‌ಗಮರಿಯಲ್ಲಿ ಕಪ್ಪು ವರ್ಣದ ವಿದ್ಯಾರ್ಥಿಗಳು ಕೋರ್ಟ್ ಕಟ್ಟಡದ ಕ್ಯಾಂಟೀನಿಗೆ ಹೋಗಿ ಊಟ ಕೇಳಿದರು. ಅದು ಬಿಳಿಯರಿಗೆ ಮಾತ್ರ ಊಟ ಕೊಡುತ್ತಿದ್ದ ಜಾಗ. ಅದಾದ ಮೇಲೆ ಅಲಬಾಮಾ ಸ್ಟೇಟ್ ಕಾಲೇಜಿನ ಒಂಬತ್ತು ವಿದ್ಯಾರ್ಥಿಗಳನ್ನು ಹೊರಹಾಕಿದರು. ಪತ್ರದಲ್ಲಿ ಇಂಥದ್ದೇ ತಪ್ಪು ಎಂದು ಸ್ಪಷ್ಟವಾಗಿ ಬರೆದಿರಲಿಲ್ಲ. ವಿಚಾರಣೆಯೂ ನಡೆಯಲಿಲ್ಲ. 1961ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಸರ್ಕಾರಿ ಕಾಲೇಜು ವಿದ್ಯಾರ್ಥಿಯನ್ನು ಹೊರಹಾಕುವ ಮೊದಲು ಆರೋಪ ಏನೆಂದು ತಿಳಿಸಬೇಕು, ಅವನ ಮಾತನ್ನೂ ಕೇಳಬೇಕು ಎಂದಿತು. ಇದು ಡಿಕ್ಸನ್ ಪ್ರಕರಣ.

ಈಗ ಯೋಚಿಸಿ. "ನಿಮ್ಮ ವಿರುದ್ಧ ದುರ್ನಡತೆಯ ದೂರು ಬಂದಿದೆ, ಸೋಮವಾರ ಹಾಜರಾಗಿ." ಇಷ್ಟೇ ಇರುವ ನೋಟಿಸಿಗೆ ಯಾರು ಏನು ಉತ್ತರ ಕೊಡಬೇಕು? ಯಾವ ದಿನ, ಯಾವ ಪರೀಕ್ಷೆ, ಯಾವ ನಿಯಮ ಮುರಿದದ್ದು? ಸಾಕ್ಷಿ ಏನು? ಸಾಬೀತಾದರೆ ಎಚ್ಚರಿಕೆ ಕೊಟ್ಟು ಬಿಡುತ್ತಾರಾ, ಸಸ್ಪೆಂಡ್ ಮಾಡುತ್ತಾರಾ, ಪದವಿಯೇ ಹೋಗುತ್ತದಾ? ಇದೆಲ್ಲ ಕೈಗೆ ಸಿಕ್ಕಿ, ಓದಿ, ಯೋಚಿಸಿ, ತನ್ನ ಕಡೆಯ ದಾಖಲೆ ಹುಡುಕಲು ಸಮಯ ಇದ್ದರೆ ಮಾತ್ರ ಆ ವಿದ್ಯಾರ್ಥಿ ನಿಜವಾಗಿ ಮಾತಾಡಬಲ್ಲ. ಇಲ್ಲದಿದ್ದರೆ ಗಾಬರಿಯಲ್ಲಿ ಏನೋ ತಡವರಿಸುತ್ತಾನೆ. ಆ ತಡವರಿಕೆಯನ್ನೇ ತಪ್ಪೊಪ್ಪಿಗೆ ಎಂದು ಬರೆದುಕೊಳ್ಳುತ್ತಾರೆ. ನನಗೆ ತುಂಬಾ ಸಿಟ್ಟು ಬರುವುದು ಇಲ್ಲಿಯೇ.

ಎಐ ಬಳಸಿ ಬರೆದಿದ್ದಾರೆ ಅನ್ನುವ ಆರೋಪಗಳನ್ನೇ ನೋಡಿ. ಸಾಫ್ಟ್‌ವೇರ್ ಒಂದು ಶೇಕಡಾವಾರು ತೋರಿಸುತ್ತದೆ, ಫೈಲಿನಲ್ಲಿ ಬೇರೇನೂ ಇರುವುದಿಲ್ಲ. ವಿದ್ಯಾರ್ಥಿಗಳ ಬರಹದಲ್ಲಿ ನಕಲು ಹುಡುಕುವ ಸಾಫ್ಟ್‌ವೇರ್ ಟರ್ನಿಟಿನ್. ಅದರ ಎಐ ಪತ್ತೆ ಸೌಲಭ್ಯವನ್ನು ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ 2023ರ ಆಗಸ್ಟ್‌ನಲ್ಲಿ ನಿಲ್ಲಿಸಿತು. ಅವರ ಲೆಕ್ಕ ಸರಳ: 2022ರಲ್ಲಿ ತಾವು ಪರಿಶೀಲನೆಗೆ ಹಾಕಿದ ಸುಮಾರು 75,000 ಬರಹಗಳಲ್ಲಿ ಶೇಕಡಾ 1ರಷ್ಟು ತಪ್ಪಿದರೂ ಸುಮಾರು 750 ಬರಹಗಳ ಮೇಲೆ ಸುಳ್ಳು ಆರೋಪ ಬರುತ್ತಿತ್ತು. ಹೀಗಿರುವಾಗ ಬರೀ ಒಂದು ಅಂಕಿ ಸಾಕ್ಷಿ ಆಗುತ್ತದಾ? ಕರಡು ಪ್ರತಿಗಳನ್ನು ಕೇಳಲಿ. ಬರೆದದ್ದರ ಬಗ್ಗೆ ವಿದ್ಯಾರ್ಥಿ ಜೊತೆ ಕೂತು ಮಾತಾಡಲಿ.

ಕೋಣೆಯೊಳಗಿನ ವಿಷಯಕ್ಕೆ ಬಂದರೆ, ದೂರು ಕೊಟ್ಟ ಅಧ್ಯಾಪಕರು ಸಮಿತಿಯಲ್ಲಿ ಕೂರಬಾರದು. ತನಿಖೆ ಮಾಡಿದವರೇ ತೀರ್ಪು ಕೊಡಬಾರದು. ಜೊತೆಗೆ ಒಬ್ಬ ಸ್ನೇಹಿತನನ್ನೋ ಸಲಹೆಗಾರರನ್ನೋ ಕರೆತರಲು ಬಿಡಬೇಕು. ಮೊದಲು ತಪ್ಪು ನಡೆದಿದೆಯಾ ಎಂದು ತೀರ್ಮಾನ, ಆಮೇಲೆ ಶಿಕ್ಷೆಯ ಮಾತು. ಹಳೆಯ ತಪ್ಪುಗಳ ಪಟ್ಟಿ ಮೊದಲೇ ಮೇಜಿನ ಮೇಲಿದ್ದರೆ ಈ ಎರಡೂ ಬೆರೆತುಹೋಗುತ್ತವೆ.

ಇದನ್ನೆಲ್ಲ ಹೇಳಿದರೆ, "ನೀವು ಆರೋಪಿಗಳ ಪರ ಅಲ್ವಾ" ಎಂದು ಕೇಳುತ್ತಾರೆ. ಅಲ್ಲ. ಲೈಂಗಿಕ ಕಿರುಕುಳದ ದೂರು ಕೊಟ್ಟ ಹುಡುಗಿಯನ್ನು ನೆನೆಯಿರಿ. ಆರೋಪಿ ಅವಳನ್ನು ನೇರವಾಗಿ ಪ್ರಶ್ನಿಸುವುದು ಬೇಡ. ಪ್ರಶ್ನೆಗಳನ್ನು ಬರೆದುಕೊಡಲಿ, ಅಧ್ಯಕ್ಷರು ಕೇಳಲಿ. ಆದರೆ ಆರೋಪಿಗೆ ಉತ್ತರಿಸಲು ಅವಕಾಶವನ್ನೇ ಕೊಡದೆ ಅವಸರದಲ್ಲಿ ಮುಗಿಸಿದ ವಿಚಾರಣೆ ಮೇಲ್ಮನವಿಯಲ್ಲಿ ಬಿದ್ದುಹೋಗಬಹುದು. ಆಗ ಅವಳು ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ. ಸಮಿತಿಯ ಸೋಮಾರಿತನಕ್ಕೆ ಅವಳೇಕೆ ಬೆಲೆ ಕೊಡಬೇಕು?

ನಿಮಗೆ ಅಥವಾ ನಿಮ್ಮ ಸ್ನೇಹಿತರಿಗೆ ಇಂಥ ನೋಟಿಸ್ ಬಂದರೆ, ಅದೇ ದಿನ ಸುಮ್ನೆ ಒಂದು ಕ್ಷಮಾಪಣೆ ಪತ್ರ ಬರೆದುಕೊಡಬೇಡಿ. ಆರೋಪದ ವಿವರ, ಯಾವ ನಿಯಮ, ಸಾಕ್ಷಿಯ ಪ್ರತಿ, ಇವನ್ನು ಬರವಣಿಗೆಯಲ್ಲಿ ಕೇಳಿ. ಸಮಯ ಕೇಳಿ. ತೀರ್ಪು ಬಂದ ಮೇಲೆ ಕಾರಣಗಳನ್ನೂ ಬರವಣಿಗೆಯಲ್ಲೇ ಕೇಳಿ. ಕಾರಣ ಗೊತ್ತಿಲ್ಲದೆ ಮೇಲ್ಮನವಿಯಲ್ಲಿ ಬರೆಯಲು ಏನೂ ಇರುವುದಿಲ್ಲ. ಮೇಲ್ಮನವಿಯ ಗಡುವು ಕೆಲವೇ ದಿನ ಇರಬಹುದು, ಅದನ್ನು ಮೊದಲು ನೋಡಿಕೊಳ್ಳಿ.