ಅಪ್ಪಣೆಯಿಲ್ಲದ ಸ್ಥಳಾಂತರ

ಕೇಳುಗ ಬಂಧುಗಳಿಗೆ ನಮಸ್ಕಾರ.

ಒಂದು ಊರನ್ನೇ ಎತ್ತಿ ಬೇರೆಡೆ ಇಡುವುದೆಂದರೆ ಏನೆಂಬುದನ್ನು ಬಾಗಲಕೋಟೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿನ ಕಾರಣದಿಂದ ನವನಗರ ಎದ್ದಿತು. ಆದರೆ ಹೊಸ ನಿವೇಶನ ಕೈಗೆ ಬಂದ ಮೇಲೂ ಅಂಗಡಿ, ಗುಡಿ, ಓಣಿಯ ನಂಟು ಹಳೆಯ ಊರಿನಲ್ಲಿಯೇ ಉಳಿದವರು ಎರಡೂ ಕಡೆ ಕಾಲಿಟ್ಟುಕೊಂಡು ಬದುಕಬೇಕಾಯಿತು. ಆದರೂ ಅಲ್ಲಿ ಸರಕಾರವಿತ್ತು, ಪರಿಹಾರಧನವಿತ್ತು, ಎಲ್ಲಕ್ಕೂ ಮಿಗಿಲಾಗಿ ಏರಿ ಬರುವ ನೀರಿತ್ತು. ಇವು ಯಾವುವೂ ಇಲ್ಲದೆ, ಒಬ್ಬರಿಗೊಬ್ಬರು ಅಪ್ಪಣೆ ಕೊಡಲಾಗದ ಜನ ಇಂಥದೇ ಒಂದು ಸ್ಥಳಾಂತರವನ್ನು ನಡೆಸಿದ ಬಗೆಯನ್ನು ಇಂದು ಹೇಳಬೇಕೆಂದಿದ್ದೇನೆ.

ಪೈಥಾನ್ ಎಂಬುದು ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಮಕ್ಕಳೆಲ್ಲ ಬಲ್ಲ ಪ್ರೋಗ್ರಾಮಿಂಗ್ ಭಾಷೆ. ಅದು ಓಪನ್ ಸೋರ್ಸ್, ಅಂದರೆ ಅದರ ಮೂಲಪಠ್ಯ ಎಲ್ಲರ ಕಣ್ಣಿಗೂ ತೆರೆದಿದೆ. ಒಪ್ಪಿಗೆಯಾಗದವರು ಪ್ರತಿ ಮಾಡಿಕೊಂಡು ಬೇರೆ ಒಲೆ ಹೂಡಲೂಬಹುದು. 2008ರ ಡಿಸೆಂಬರಿನಲ್ಲಿ ಬಂದ ಅದರ ಮೂರನೆಯ ಆವೃತ್ತಿ, ಹಳೆಯ ಪ್ರೋಗ್ರಾಮುಗಳು ಇದ್ದಂತೆಯೇ ಓಡಲಾರವು ಎಂದು ತಿಳಿದೇ ಮಾಡಿದ ಬದಲಾವಣೆಯಾಗಿತ್ತು. ಅದರಲ್ಲಿ ಮುಖ್ಯವಾದ ಒಂದು ಕಾರಣ ನಮಗೂ ಸಂಬಂಧಿಸಿದ್ದು. ‘ಬಾಗಲಕೋಟೆ’ ಎಂಬ ಪದದ ಉದ್ದವನ್ನು ಕೇಳಿದರೆ ಎರಡನೆಯ ಆವೃತ್ತಿಯ ಸಾಮಾನ್ಯ ಪಠ್ಯ ಬೈಟುಗಳನ್ನು, ಅಂದರೆ ಕಂಪ್ಯೂಟರಿನ ನೆನಪಿನ ಪುಟ್ಟ ಖಾನೆಗಳನ್ನು ಎಣಿಸಿ 24 ಎನ್ನುತ್ತಿತ್ತು. ಮೂರನೆಯದು ಅಕ್ಷರ, ಕಾಗುಣಿತದ ಗುರುತುಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯ ಸಂಕೇತಗಳನ್ನು ಎಣಿಸಿ 8 ಎನ್ನುತ್ತದೆ. ಕನ್ನಡ ಶಾಲೆಯ ಹುಡುಗ ಐದು ಅಕ್ಷರ ಎಂದೇ ಹೇಳುತ್ತಾನೆ, ಅವನೂ ಸರಿ. ಆ ಮಾತು ಬೇರೆ.

ಬದಲಾವಣೆ ಸರಿಯಾಗಿಯೇ ಇತ್ತು, ಅದನ್ನು ಯೋಜಿಸಿದ ರೀತಿ ತಪ್ಪಿತ್ತು. ಹಳೆಯ ಪ್ರೋಗ್ರಾಮನ್ನು ಹೊಸದಕ್ಕೆ ತಿರುಗಿಸುವ ಉಪಕರಣವೊಂದನ್ನು ಕೊಟ್ಟರೆ ಎಲ್ಲರೂ ಒಮ್ಮೆಲೆ ದಾಟಿಬಿಡುತ್ತಾರೆ ಎಂದು ಪೈಥಾನನ್ನು ರೂಪಿಸುವವರು ಭಾವಿಸಿದ್ದರು. ಆದರೆ ಪ್ರತಿಯೊಂದು ಪ್ರೋಗ್ರಾಮೂ ಬೇರೆಯವರು ಬರೆದಿಟ್ಟ ಹತ್ತಾರು ಲೈಬ್ರರಿಗಳ, ಅಂದರೆ ಸಿದ್ಧ ಪ್ರೋಗ್ರಾಮು ಕಟ್ಟುಗಳ ಮೇಲೆ ನಿಂತಿರುತ್ತದೆ. ಅವು ದಾಟುವವರೆಗೆ ಇದು ದಾಟುವಂತಿಲ್ಲ, ಹಳೆಯ ಬಳಕೆದಾರರನ್ನು ಕೈಬಿಟ್ಟು ಅವೂ ಹೋಗುವಂತಿಲ್ಲ. ಹೀಗಾಗಿ ಒಂದೇ ಬರಹ ಎರಡೂ ಆವೃತ್ತಿಗಳಲ್ಲಿ ಓಡುವ ದಾರಿಯನ್ನು ಬಳಸುವವರೇ ಕಂಡುಕೊಂಡರು. ಅದಕ್ಕೆ ಅನುಕೂಲವಾಗಲೆಂದು, ಪಠ್ಯ ಯೂನಿಕೋಡಿನದೆಂದು ತೋರಿಸಲು ಅದರ ಮುಂದೆ ಹಚ್ಚುತ್ತಿದ್ದ, ಮೂರನೆಯ ಆವೃತ್ತಿಯಿಂದ ಕಿತ್ತುಹಾಕಿದ್ದ ‘ಯು’ ಎಂಬ ಪುಟ್ಟ ಗುರುತನ್ನು 2012ರಲ್ಲಿ ಮರಳಿ ತರಲಾಯಿತು. ತಾವೇ ತೆಗೆದದ್ದನ್ನು ತಾವೇ ಮರಳಿ ಇಟ್ಟ ಆ ವಿನಯವೇ ಇಡೀ ಪ್ರಕರಣದಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು. 2015ಕ್ಕೆ ಮುಗಿಯಬೇಕಿದ್ದ ಹಳೆಯ ಆವೃತ್ತಿಯ ಆಯುಷ್ಯವನ್ನು 2020ರವರೆಗೆ ಹಿಗ್ಗಿಸಲಾಯಿತು. ಹೊಸದು ಬಂದಾಗಿನಿಂದ ಹನ್ನೊಂದು ವರ್ಷ!

ಹಾಗಾದರೆ ಇಂಥ ತೀರ್ಮಾನಗಳನ್ನು ಮಾಡುವವರು ಯಾರು? ಪೈಥಾನಿನಲ್ಲಿ ದೊಡ್ಡ ಬದಲಾವಣೆ ಬಯಸುವವರು ‘ಪೆಪ್’ ಎಂಬ ಲಿಖಿತ ಪ್ರಸ್ತಾವ ಸಲ್ಲಿಸಬೇಕು. ಏಕೆ ಬೇಕು, ಹಳೆಯದಕ್ಕೆ ಏನು ಬಾಧೆ, ಬೇರೆ ಯಾವ ದಾರಿಗಳನ್ನು ಬಿಟ್ಟದ್ದು ಏಕೆ ಎಂಬುದೆಲ್ಲ ಅದರಲ್ಲಿರಬೇಕು. ತಿರಸ್ಕೃತವಾದವನ್ನೂ ಅಳಿಸುವುದಿಲ್ಲ, ಮುಂದೆ ಅದೇ ವಿಚಾರ ಹೊತ್ತು ಬಂದವರು ಹಿಂದಿನ ವಾದವನ್ನು ಓದಿಕೊಳ್ಳಬಹುದು. ಕೊನೆಯ ಮಾತು ಮಾತ್ರ ಬಹುಕಾಲ ಭಾಷೆಯ ಜನಕ ಗೀಡೊ ವಾನ್ ರಾಸಮ್ ಅವರದಾಗಿತ್ತು. 2018ರ ಜುಲೈನಲ್ಲಿ, ಒಂದು ಸಣ್ಣ ಚಿಹ್ನೆಯ ಕುರಿತ ಪ್ರಸ್ತಾವ ಎಬ್ಬಿಸಿದ ಕಹಿ ಜಗಳದಿಂದ ದಣಿದು, ಉತ್ತರಾಧಿಕಾರಿಯನ್ನು ಹೆಸರಿಸದೆ ಅವರು ಆ ಸ್ಥಾನ ಬಿಟ್ಟರು. ಹಿರಿಯರು ಹೊಲ ಹಂಚದೆ ಎದ್ದುಹೋದ ಮನೆಯಲ್ಲಿ ಏನಾಗುತ್ತದೆಂಬುದು ನಮಗೆ ಗೊತ್ತು. ಇಲ್ಲಿ ಹಾಗಾಗಲಿಲ್ಲ. ಆಡಳಿತದ ಏಳು ಮಾದರಿಗಳನ್ನು ಬರೆದು, ಮುಖ್ಯ ಅಭಿವೃದ್ಧಿಕಾರರು ಮತ ಹಾಕಿ, ಐವರ ಚುನಾಯಿತ ಸ್ಟೀರಿಂಗ್ ಕೌನ್ಸಿಲನ್ನು ಆಯ್ದುಕೊಂಡರು; ಒಂದೇ ಕಂಪನಿಯ ನೌಕರರು ಅದರಲ್ಲಿ ಇಬ್ಬರಿಗಿಂತ ಹೆಚ್ಚಿರಕೂಡದೆಂಬ ನಿಯಮವನ್ನೂ ಇಟ್ಟರು. ಮತದಾನದಿಂದ ಎಲ್ಲವೂ ತಣ್ಣಗಾಗುತ್ತದೆ ಎಂದಲ್ಲ. ಡೆಬಿಯನ್ ಎಂಬ ಇನ್ನೊಂದು ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮಿನ ಸಮುದಾಯದಲ್ಲಿ 2014ರಲ್ಲಿ, ಕಂಪ್ಯೂಟರು ಶುರುವಾಗುವಾಗ ಉಳಿದ ಸೇವೆಗಳನ್ನು ಎಬ್ಬಿಸುವ ಸಿಸ್ಟಮ್‌ಡಿ ಕುರಿತು ತಾಂತ್ರಿಕ ಸಮಿತಿಯ ಮತಗಳು ಸಮವಾಗಿ, ಅಧ್ಯಕ್ಷರ ನಿರ್ಣಾಯಕ ಮತದಿಂದ ತೀರ್ಮಾನವಾಯಿತು. ಒಪ್ಪದ ಕೆಲವರು ಡೆವುವಾನ್ ಎಂಬ ಬೇರೆ ಮನೆಯನ್ನೇ ಕಟ್ಟಿಕೊಂಡರು.

ಎಲ್ಲರನ್ನೂ ಒಮ್ಮೆಲೆ ದಾಟಿಸಲಾಗದೆಂಬ ಹನ್ನೊಂದು ವರ್ಷದ ಆ ಪಾಠದ ಪರೀಕ್ಷೆ 2023ರಲ್ಲಿ ಎದುರಾಯಿತು. ಬಾವಿಯ ನೀರಿಗೆ ಪಾಳಿ ಹಚ್ಚಿದಂತೆ, ಪೈಥಾನ್ ಪ್ರೋಗ್ರಾಮಿನೊಳಗೆ ಜೊತೆಜೊತೆಯಾಗಿ ಸಾಗಬಹುದಾದ ಕೆಲಸದ ಎಳೆಗಳಲ್ಲಿ (ಥ್ರೆಡ್) ಒಂದು ಹೊತ್ತಿಗೆ ಒಂದೇ ಎಳೆ ಕೆಲಸ ಮಾಡುವಂತೆ ತಡೆಯುವ ‘ಗಿಲ್’ ಎಂಬ ಬೀಗವಿದೆ. ಅದನ್ನು ತೆಗೆಯುವ ಸ್ಯಾಮ್ ಗ್ರಾಸ್ ಅವರ ಪ್ರಸ್ತಾವವನ್ನು ಕೌನ್ಸಿಲ್ ಒಪ್ಪಿತು. ಆದರೆ ಹಂತಹಂತವಾಗಿ ಸಾಗಬೇಕು, ತೊಂದರೆ ಮಿತಿಮೀರಿದರೆ ಬದಲಾವಣೆಯನ್ನು ಹಿಂದೆಗೆದುಕೊಳ್ಳಬಹುದು ಎಂಬ ಷರತ್ತಿನೊಂದಿಗೆ. 2024ರ ಅಕ್ಟೋಬರಿನ ಆವೃತ್ತಿಯಲ್ಲಿ ಬೀಗವಿಲ್ಲದ ಪೈಥಾನ್ ಪ್ರಯೋಗವಾಗಿ ಬಂದಿತು. ಮರುವರ್ಷದ ಆವೃತ್ತಿಯಲ್ಲಿ ಅದಕ್ಕೆ ಅಧಿಕೃತ ಬೆಂಬಲ ಸಿಕ್ಕಿತಾದರೂ, ಬೇಕಾದವರು ಆರಿಸಿಕೊಳ್ಳುವ ಎರಡನೆಯ ರೂಪವಾಗಿಯೇ ಉಳಿಯಿತು. ಬೀಗವಿರುವ ಹಳೆಯ ಪೈಥಾನ್ ಅದರ ಪಕ್ಕದಲ್ಲಿಯೇ ಇತ್ತು.

ನಮಸ್ಕಾರ.