ಆಹಾರಕ್ಕಾಗಿ ಬಿಳಿ ಇಲಿಗಳ ಸಾಕಣೆ

ಶ್ರೋತೃಗಳಿಗೆ ನಮಸ್ಕಾರ. ಸಾಕಿದ ಹಾವಿನ ಆಹಾರಕ್ಕಾಗಿ ಮನೆಯಲ್ಲೇ ಬಿಳಿ ಇಲಿಗಳನ್ನು ಬೆಳೆಸುವ ಕ್ರಮವನ್ನು ಕುರಿತು ಇಂದು ಮಾತನಾಡುತ್ತೇನೆ. ಕೇರೆ, ನಾಗರ, ಹೆಬ್ಬಾವು ಮೊದಲಾದ ನಮ್ಮ ನಾಡಿನ ಹಾವುಗಳನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಬಾಲ್ ಪೈಥಾನ್‌ನಂಥ ವಿದೇಶಿ ಹಾವನ್ನು 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಿ ಸಾಕುತ್ತಿರುವವರಿಗೆ ನಾನು ಈ ಮಾತುಗಳನ್ನು ಹೇಳುತ್ತಿದ್ದೇನೆ.

ಅಟ್ಟದಲ್ಲೋ ಗದ್ದೆಯ ಬದುವಿನಲ್ಲೋ ಬೋನಿಗೆ ಬಿದ್ದ ಇಲಿಯನ್ನೇ ಹಾಕಿದರೆ ಆಗದೆ ಎಂದು ಕೇಳುವವರಿದ್ದಾರೆ. ಖಂಡಿತ ಕೂಡದು. ಆ ಇಲಿ ಎಲ್ಲೋ ಇಲಿಪಾಷಾಣ ತಿಂದಿದ್ದರೆ ಅದರ ಮೈಯಲ್ಲಿನ ವಿಷ ಹಾವಿಗೂ ಸೇರಬಹುದು; ಇಲಿಜ್ವರದ ರೋಗಾಣುವಂತೂ ಅದರ ಮೂತ್ರದ ಮೂಲಕ, ಹಿಡಿದವರ ಕೈಯ ಗಾಯವನ್ನೇ ದಾರಿ ಮಾಡಿಕೊಂಡು ಒಳಸೇರಬಲ್ಲದು.

ಇಲಿಗಳ ವಸತಿಯ ವಿಷಯಕ್ಕೆ ಬರೋಣ. ಒಳಗೋಡೆ ನುಣುಪಾಗಿರುವ ದಪ್ಪ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳವನ್ನು ಅಗಲವಾಗಿ ಕತ್ತರಿಸಿ ಕಬ್ಬಿಣದ ಜಾಲರಿ ಕೂರಿಸಿದರೆ ಸಾಕು. ಆದರೆ ಸುಮಾರು 6 ಮಿಲಿಮೀಟರ್ ಸಂದಿಯಲ್ಲೂ ಮರಿಗಳು ನುಸುಳಬಲ್ಲವಾದ್ದರಿಂದ ಜಾಲರಿಯ ಕಣ್ಣು ಅದಕ್ಕಿಂತ ಚಿಕ್ಕದಾಗಿರಬೇಕು. ಹಾಸಿಗೆಗೆ ಭತ್ತದ ಹೊಟ್ಟು, ಗೂಡು ಕಟ್ಟಿಕೊಳ್ಳಲು ಹರಿದ ಕಾಗದ ಒಳ್ಳೆಯದು. ಸಕಲೇಶಪುರ, ಮೂಡಿಗೆರೆಯ ಕಡೆ ಮಳೆಗಾಲದಲ್ಲಿ ಹೊಟ್ಟು ಬೇಗ ತೇವ ಹಿಡಿದು ಬೂಷ್ಟು ಕಟ್ಟುವುದರಿಂದ, ವಾರಕ್ಕೊಮ್ಮೆ ಬದಲಿಸಿದರಾಯಿತೆಂಬ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಅರಸೀಕೆರೆ, ಕಡೂರಿನ ಬೇಸಿಗೆಯಲ್ಲಿ ತೊಂದರೆಯೇ ಬೇರೆ: ಇಲಿಗಳು ಬೆವರಿ ಮೈ ತಂಪು ಮಾಡಿಕೊಳ್ಳಲಾರವು, ಸೆಕೆ ಹೆಚ್ಚಾದಾಗ ಕೈಕಾಲು ಚಾಚಿ ಮಲಗಿಬಿಡುತ್ತವೆ, ಆಗಲೂ ಗಾಳಿಯಾಡುವ ತಂಪು ಜಾಗಕ್ಕೆ ಸಾಗಿಸದಿದ್ದರೆ ಸಾಯುತ್ತವೆ. ಮೂತ್ರದಿಂದ ಏಳುವ ಅಮೋನಿಯದ ಘಾಟು ಮುಚ್ಚಳ ತೆರೆದ ನಮ್ಮ ಮೂಗಿಗೆ ಬಡಿಯಿತೆಂದರೆ, ಹಾಸಿಗೆಗೆ ಮೂಗು ತಾಗಿಸಿಯೇ ಬದುಕುವ ಇಲಿಗಳು ಅದನ್ನು ಬಹಳ ಹೊತ್ತಿನಿಂದ ಉಸಿರಾಡುತ್ತಿವೆ ಎಂದೇ ಅರ್ಥ. ಸೀನುವ, ಉಸಿರಾಟದಲ್ಲಿ ಕರಕರ ಸದ್ದು ಬರುವ ಇಲಿಯನ್ನು ಕೂಡಲೇ ಬೇರೆ ಮಾಡಬೇಕು.

ಒಂದು ಗಂಡಿಗೆ ಎರಡು ಮೂರು ಹೆಣ್ಣು ಸಾಕು. ಗಬ್ಬದ ಅವಧಿ 19ರಿಂದ 21 ದಿನ. ಹುಟ್ಟಿದ ಮರಿಗಳ ಚರ್ಮ ಎಷ್ಟು ತೆಳುವೆಂದರೆ, ಹೊಟ್ಟೆಯ ಎಡಬದಿಯಲ್ಲಿ ಕುಡಿದ ಹಾಲು ಬಿಳಿಯ ಕಲೆಯಾಗಿ ಹೊರಗಿನಿಂದಲೇ ಕಾಣುತ್ತದೆ. ಆ ಕಲೆ ಕಾಣದ ಮರಿಗೆ ತಾಯಿಯ ಹಾಲು ದಕ್ಕಿಲ್ಲ. ಮರಿ ಹಾಕಿದ ಒಂದು ದಿನದೊಳಗೇ ಹೆಣ್ಣು ಮತ್ತೆ ಬೆದೆಗೆ ಬರುತ್ತದೆ, ಗಂಡು ಜೊತೆಯಲ್ಲೇ ಇದ್ದರೆ ಹಾಲೂಡುತ್ತಲೇ ಗಬ್ಬವಾಗುತ್ತದೆ. ಎಷ್ಟೇ ಮರಿ ಬೇಕಿದ್ದರೂ ಹಾಗೆ ಬಿಡುವುದು ತರವಲ್ಲ. ಬಾಣಂತಿಗೆ ವಿಶ್ರಾಂತಿ ಸಿಗಲೆಂದು ಗಂಡನ್ನು ಮೊದಲೇ ಬೇರೆ ಇಡಬೇಕು. ಮೂರು ವಾರಕ್ಕೆ ಮರಿಗಳು ಹಾಲು ಬಿಡುತ್ತವೆ. ಐದಾರು ವಾರಕ್ಕೆಲ್ಲ ಪ್ರಾಯಕ್ಕೆ ಬರುವುದರಿಂದ ನಾಲ್ಕು ವಾರ ತುಂಬುವ ಮೊದಲೇ ಗಂಡು ಹೆಣ್ಣುಗಳನ್ನು ವಿಂಗಡಿಸಬೇಕು.

ದೊಡ್ಡ ಇಲಿ ದಿನಕ್ಕೆ ನಾಲ್ಕೈದು ಗ್ರಾಂ ತಿನ್ನುತ್ತದೆ. ಇಲಿಗಳಿಗೆಂದೇ ತಯಾರಿಸಿದ ಗುಳಿಗೆ ಆಹಾರ ಮುಖ್ಯವಾಗಿರಲಿ, ರಾಗಿ, ಗೋಧಿ ಜೊತೆಗಿರಲಿ. ಬೂಷ್ಟು ಹಿಡಿದ ಜೋಳ, ಕಡಲೆಕಾಯಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಮನುಷ್ಯರಿಗೆ ಬೇಡವಾದದ್ದನ್ನು ಇಲಿಗೆ ಸುರಿಯಬಾರದು.

ಜೀವಂತ ಇಲಿಯನ್ನು ಹಾವಿನ ಮುಂದೆ ಬಿಡಬೇಡಿ. ಮೂಲೆಗೆ ಸಿಕ್ಕ ಇಲಿ ಹಾವನ್ನು ಕಚ್ಚಿ ಗಾಯ ಮಾಡುತ್ತದೆ, ಅದು ಪಡುವ ಭಯವೂ ಅನಗತ್ಯ. ನೋವಿಲ್ಲದಂತೆ ಕ್ಷಣದಲ್ಲಿ ಕೊಲ್ಲುವ ವಿಧಾನವನ್ನು ಪಶುವೈದ್ಯರಿಂದ ಕಣ್ಣಾರೆ ನೋಡಿ ಕಲಿಯಬೇಕು. ಜೀವಂತ ಮರಿಗಳನ್ನು ಫ್ರೀಜರ್‌ಗೆ ಹಾಕುವುದು ಕ್ರೌರ್ಯ. ಸತ್ತ ಇಲಿಗಳನ್ನು ಅಡುಗೆಯ ಪದಾರ್ಥಗಳಿಲ್ಲದ ಬೇರೆ ಫ್ರೀಜರ್‌ನಲ್ಲಿಟ್ಟು, ಬೇಕಾದಾಗ ಚೀಲ ಸಮೇತ ಬೆಚ್ಚನೆಯ ನೀರಿನಲ್ಲಿ ಮುಳುಗಿಸಿ, ಹೊಟ್ಟೆಯ ಒಳಭಾಗವೂ ಪೂರ್ತಿ ಮೆತ್ತಗಾಗಿದೆಯೇ ಎಂದು ಒತ್ತಿ ನೋಡಿ ಕೊಡಬೇಕು. ಹಾವು ಮುಟ್ಟದೆ ಬಿಟ್ಟದ್ದನ್ನು ಮತ್ತೆ ಫ್ರೀಜರ್‌ಗೆ ಹಾಕದೆ ಮಣ್ಣಿನಲ್ಲಿ ಆಳವಾಗಿ ಹೂಳಿ, ಸೋಪಿನಿಂದ ಕೈ ತೊಳೆದುಕೊಳ್ಳಿ. ನಮಸ್ಕಾರ.