ಕೇಸರಿ ಪೊರೆ ಬಿಟ್ಟ ವಾರ

ಕೇಳುಗರಿಗೆ ನಮಸ್ಕಾರ.

ಕಳೆದ ಬೇಸಿಗೆಯಲ್ಲಿ ಅಮ್ಮ ತೀರ್ಥಹಳ್ಳಿಯಿಂದ ನಮ್ಮ ಮನೆಗೆ ಬಂದಿದ್ದರು. ನಾವಿರುವುದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ. ಮನೆಯಲ್ಲಿ ಒಂದು ಹಾವಿದೆ, ಮಗಳು ಸಾಕಿದ್ದು. ಹೆಸರು ಕೇಸರಿ. ಜಾತಿ ಕಾರ್ನ್ ಸ್ನೇಕ್, ಈ ಸೀಮೆಯದ್ದೇ ಹಾವು. ವಿಷ ಇಲ್ಲ. ನಮ್ಮ ಕೇರೆ ಹಾವಿನ ಹಾಗೆ ಇಲಿ ತಿಂದು ಬದುಕುತ್ತದೆ. ಮೊದಲೆರಡು ದಿನ ಅಮ್ಮ ಆ ಕೋಣೆಯ ಹತ್ತಿರವೂ ಸುಳಿಯಲಿಲ್ಲ. ಮೂರನೇ ದಿನ ಧೈರ್ಯ ಮಾಡಿ ಗಾಜಿನ ಪೆಟ್ಟಿಗೆಯೊಳಗೆ ಇಣುಕಿದರು. "ಅಯ್ಯೋ, ಇದಕ್ಕೂ ಕಣ್ಣಿಗೆ ಪೊರೆ ಬಂದಿದೆಯಲ್ಲೋ" ಅಂದರು. ಅವರಿಗೆ ಆರು ತಿಂಗಳ ಹಿಂದಷ್ಟೇ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು.

ಅಮ್ಮನ ಮಾತು ಹೆಚ್ಚು ಕಡಿಮೆ ಸರಿಯಾಗಿಯೇ ಇತ್ತು. ಹಾವಿಗೆ ಕಣ್ಣುರೆಪ್ಪೆ ಇಲ್ಲ. ಅದರ ಬದಲು ಕಣ್ಣಿನ ಮೇಲೆ ಒಂದು ತೆಳು ಹುರುಪೆ ಕೂತಿರುತ್ತದೆ, ವಾಚಿನ ಗಾಜಿನ ಹಾಗೆ. ಪೊರೆ ಬಿಡುವ ಮುಂಚೆ ಹಳೆ ಚರ್ಮಕ್ಕೂ ಹೊಸ ಚರ್ಮಕ್ಕೂ ನಡುವೆ ದ್ರವ ತುಂಬುತ್ತದೆ. ಆ ಗಾಜಿನ ಕೆಳಗೂ ತುಂಬುತ್ತದೆ. ಆಗ ಮೈಬಣ್ಣ ಮಂಕಾಗುತ್ತದೆ, ಕಣ್ಣು ನೀಲಿ ಬೆರೆಸಿದ ಹಾಲಿನಂತೆ ಕಾಣುತ್ತದೆ. ಕೆಲವು ದಿನ ಕಳೆದು ಕಣ್ಣು ಮತ್ತೆ ತಿಳಿಯಾಗುತ್ತದೆ. ಎಲ್ಲ ಮುಗಿಯಿತು ಅಂದುಕೊಳ್ಳುತ್ತೇವೆ. ಇಲ್ಲ, ಪೊರೆ ಕಳಚುವುದು ಅದಾದ ಮೇಲೆ, ಮತ್ತೆ ಕೆಲವು ದಿನಕ್ಕೆ.

ಈ ಅವಧಿಯಲ್ಲಿ ಹಾವನ್ನು ಎತ್ತಬೇಡಿ. ಅದಕ್ಕೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಎದುರು ಬಂದದ್ದು ಅನ್ನ ಹಾಕುವ ಕೈಯೋ, ತಿನ್ನಲು ಬಂದ ಹದ್ದೋ ಅಂತ ಗೊತ್ತಾಗುವುದಿಲ್ಲ. ಎಷ್ಟೋ ಹಾವುಗಳು ಆಗ ಆಹಾರವನ್ನೂ ಮುಟ್ಟುವುದಿಲ್ಲ. ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಒಂದು ಸಲ ಮಗಳ ಗೆಳತಿಯರು ನೋಡಬೇಕು ಅಂದಾಗ, ಕಣ್ಣು ನೀಲಿಯಾಗಿದ್ದ ಕೇಸರಿಯನ್ನು ಎತ್ತಿಬಿಟ್ಟೆ. ಬಾಲ ಪಟಪಟ ಅದುರಿಸಿತು. ಕೈ ತುಂಬ ಕೆಟ್ಟ ವಾಸನೆಯ ದ್ರವ ಬಿಟ್ಟಿತು. ಅದು ಮಲವಲ್ಲ. ಬಾಲದ ಬುಡದ ಗ್ರಂಥಿಗಳಿಂದ ಬರುವುದು, ಹೆದರಿದಾಗ. ಅಷ್ಟು ಚಿಕ್ಕ ಜೀವವನ್ನು ಅಷ್ಟು ಹೆದರಿಸಿದೆನಲ್ಲ ಅಂತ ಇವತ್ತಿಗೂ ಸಂಕಟ ಆಗುತ್ತದೆ.

ಹಾವಿನ ಮಲದ ಬಗ್ಗೆ ಮಾತಾಡಲು ನಮಗೆ ಮುಜುಗರ. ಆದರೆ ಸಾಕಿದವರು ಅದನ್ನು ನೋಡಲೇಬೇಕು. ಮನೆ ಗೋಡೆಯ ಹಲ್ಲಿ ಹಿಕ್ಕೆ ನೆನಪು ಮಾಡಿಕೊಳ್ಳಿ. ಕಪ್ಪು ಕಡ್ಡಿ, ತುದಿಯಲ್ಲಿ ಬಿಳಿ ಚುಕ್ಕೆ, ಅಲ್ವಾ? ಆ ಬಿಳಿ ಚುಕ್ಕೆಯೇ ಹಲ್ಲಿಯ ಮೂತ್ರ. ಹಾವಿನದ್ದೂ ಹಾಗೆಯೇ. ಮಲ, ಮೂತ್ರ ಎರಡಕ್ಕೂ ಒಂದೇ ದ್ವಾರ. ನೀರು ಉಳಿಸಲು ಅದರ ದೇಹ ಮೂತ್ರವನ್ನು ಯೂರಿಕ್ ಆಮ್ಲವಾಗಿ, ಸುಣ್ಣದ ಉಂಡೆಯ ಹಾಗೆ ಹೊರಹಾಕುತ್ತದೆ. ಹೊಸದಾಗಿ ಸಾಕಿದವರು ಈ ಬಿಳಿ ಉಂಡೆ ನೋಡಿ ಕಾಯಿಲೆ ಅಂತ ಗಾಬರಿಯಾಗುತ್ತಾರೆ. ಗಾಬರಿ ಬೇಡ.

ಕೇಸರಿ ಇಲಿ ನುಂಗಿದ ಮೂರು ನಾಲ್ಕು ದಿನಕ್ಕೆ ಮಲ ಹಾಕುತ್ತದೆ. ಊಟದ ನಂತರ ಎರಡು ದಿನ ನಾವು ಮುಟ್ಟುವುದಿಲ್ಲ, ಮುಟ್ಟಿದರೆ ನುಂಗಿದ್ದನ್ನು ಕಕ್ಕಬಹುದು. ಬಾಲ್ ಪೈಥಾನ್‌ನಂಥ ದಪ್ಪ ಹಾವುಗಳು ವಾರಗಟ್ಟಲೆ ತಡೆದುಕೊಳ್ಳುತ್ತವೆ. ಪೊರೆ ಬಿಡುವ ದಿನಗಳಲ್ಲಂತೂ ಎಷ್ಟೋ ಹಾವುಗಳು ಸುಮ್ನೆ ಹಿಡಿದಿಟ್ಟುಕೊಂಡು, ಪೊರೆ ಕಳಚಿದ ಮೇಲೆ ಒಟ್ಟಿಗೆ ಹೊರಹಾಕುತ್ತವೆ. ದ್ವಾರದ ಮುಂಭಾಗ ಗಟ್ಟಿಯಾಗಿ ಊದಿಕೊಂಡು, ಮಲವೂ ಬರದಿದ್ದರೆ ಮಾತ್ರ ಹಾವಿನ ಬಗ್ಗೆ ತಿಳಿದ ಪಶುವೈದ್ಯರ ಹತ್ತಿರ ಹೋಗಬೇಕು. ಪೆಟ್ಟಿಗೆ ಶುಚಿ ಮಾಡಿದ ಮೇಲೆ, ಹಾವು ಮುಟ್ಟಿದ ಮೇಲೆ, ಸೋಪು ಹಚ್ಚಿ ಕೈ ತೊಳೆಯಿರಿ. ನೋಡಲು ಆರೋಗ್ಯವಾಗಿರುವ ಹಾವಿನ ಮಲದಲ್ಲೂ ಸಾಲ್ಮೊನೆಲ್ಲಾ ಅನ್ನುವ, ಹೊಟ್ಟೆ ಕೆಡಿಸುವ ರೋಗಾಣು ಇರಬಹುದು. 5 ವರ್ಷದೊಳಗಿನ ಮಕ್ಕಳು ಮುಟ್ಟದಿರುವುದೇ ಒಳ್ಳೆಯದು.

ಊರಿನಲ್ಲಿ ಕೇಳುತ್ತಿರುವವರಿಗೆ ಒಂದು ಮಾತು. ನಮ್ಮ ನಾಡಿನ ಕೇರೆ, ನಾಗರ, ಹೆಬ್ಬಾವುಗಳನ್ನು ಹಿಡಿದು ಸಾಕುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ.

ಅಮ್ಮ ನೋಡಿದ ಆ ವಾರ ನಾವು ಮಾಡಿದ್ದು ಇಷ್ಟೇ. ಒಂದು ಡಬ್ಬಿಯಲ್ಲಿ ಒದ್ದೆ ಪಾಚಿ ತುಂಬಿ ಒಳಗಿಟ್ಟೆವು, ತಣ್ಣನೆ ಅಡಗಿ ಕೂರಲಿ ಅಂತ. ತೇವ ಕಡಿಮೆಯಾದರೆ ಪೊರೆ ಚೂರು ಚೂರಾಗಿ ಅಂಟಿಕೊಳ್ಳುತ್ತದೆ. ಬಾಲದ ತುದಿಯಲ್ಲಿ ಉಂಗುರದಂತೆ ಉಳಿದರೆ ರಕ್ತ ಹರಿಯದೆ ಆ ತುದಿಯೇ ಸತ್ತುಹೋಗಬಹುದು. ಅಂಟಿದ್ದನ್ನು ಎಳೆಯಬಾರದು. ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯೊಳಗೆ ಹಾವನ್ನು ಹರಿಯಲು ಬಿಟ್ಟರೆ ಎಷ್ಟೋ ಸಲ ತಾನೇ ಬಿಡುತ್ತದೆ. ಕಣ್ಣಿನ ಮೇಲೆ ಉಳಿದಿದ್ದರೆ ಚಿಮುಟ ಹಾಕಲೇಬೇಡಿ, ವೈದ್ಯರಿಗೆ ಬಿಡಿ.

ಎಂಟನೇ ದಿನ ಬೆಳಗ್ಗೆ ಕೇಸರಿ ಮೂಗನ್ನು ಕಲ್ಲಿಗೆ ಉಜ್ಜತೊಡಗಿತು. ತುಟಿಯಂಚಿನಲ್ಲಿ ಪೊರೆ ಬಿರಿಯಿತು. ಅಮ್ಮ ಕುರ್ಚಿ ಎಳೆದುಕೊಂಡು ಎದುರು ಕೂತರು. ಒದ್ದೆ ಕಾಲುಚೀಲ ಒಳಹೊರಗಾಗಿ ಕಳಚುವ ಹಾಗೆ, ಮುಖದಿಂದ ಬಾಲದವರೆಗೆ ಪೊರೆ ಹಿಂದಕ್ಕೆ ಸರಿಯುತ್ತಾ ಹೋಯಿತು. ಮಗಳು ಆ ಪೊರೆಯನ್ನು ಎತ್ತಿ ಅಜ್ಜಿಯ ಕೈಗೆ ಕೊಟ್ಟಳು. ಅಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಲೆಯ ಭಾಗವನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ, ಕಣ್ಣು ಕಿರಿದು ಮಾಡಿ ಹುಡುಕಿದರು.

"ಎರಡೂ ಕಣ್ಣಿನ ಪೊರೆ ಬಂದಿದೆ ಕಣೇ" ಅಂದರು.